ಎ ನಾಲಿಗೆ, ಒ ತುಟಿ

ಬಾಯಿ ತೆರೆದು ‘ಎ’ ಎಂದು ಎಳೆಯಿರಿ. ನಾಲಿಗೆಯ ಮುಂಭಾಗ ತುಸು ಮೇಲೆದ್ದಿರುತ್ತದೆ, ತುಟಿಗಳು ಅಗಲವಾಗಿರುತ್ತವೆ. ಸದ್ದು ನಿಲ್ಲಿಸದೆ, ನಾಲಿಗೆಯನ್ನು ಒಂದಿಷ್ಟೂ ಕದಲಿಸದೆ, ತುಟಿಗಳನ್ನು ಮಾತ್ರ ‘ಒ’ ಅನ್ನುವಾಗಿನಂತೆ ದುಂಡಗೆ ಮಾಡಿ. ಈಗ ಬಂದದ್ದು ಎ ಅಲ್ಲ, ಒ ಕೂಡ ಅಲ್ಲ. ಕನ್ನಡದ ಅಕ್ಷರಮಾಲೆಯಲ್ಲಿ ಈ ಸದ್ದಿಗೆ ಜಾಗವಿಲ್ಲ. ತುರ್ಕಿ ಮಾತಾಡುವವರ ಬಾಯಲ್ಲಾದರೋ ಅದು ದಿನಕ್ಕೆ ನೂರಾರು ಸಲ ಬಂದು ಹೋಗುವ ಸ್ವರ.

ಇಂದಿನ ತುರ್ಕಿ ಬರಹದಲ್ಲಿ ಅದನ್ನು ರೋಮನ್ ಓ ಅಕ್ಷರದ ನೆತ್ತಿಯ ಮೇಲೆ ಎರಡು ಚುಕ್ಕಿಯಿಟ್ಟು ತೋರಿಸುತ್ತಾರೆ. ನಾವು ಇಲ್ಲಿ ‘ಚುಕ್ಕಿಯ ಒ’ ಎನ್ನೋಣ. 19ನೆಯ ಶತಮಾನದ ಇಸ್ತಾಂಬುಲ್‌ನಲ್ಲಿ ಇದೇ ಸ್ವರವನ್ನು ಇನ್ನೊಂದು ಬಗೆಯಲ್ಲಿ ಬರೆಯುವ ಜನರಿದ್ದರು. ಅವರು ಮೊದಲು ಎ ಅಕ್ಷರ ಬರೆದು, ಅದರ ಮಗ್ಗುಲಿಗೆ ಒ ಅಕ್ಷರ ಬರೆಯುತ್ತಿದ್ದರು. ನಾಲಿಗೆ ಎಲ್ಲಿರಬೇಕು, ತುಟಿ ಹೇಗಿರಬೇಕು ಎಂದು ಎರಡೇ ಅಕ್ಷರಗಳಲ್ಲಿ ಹೇಳಿದ ಹಾಗಾಯಿತು. ನೀವು ಈಗಷ್ಟೇ ಬಾಯಲ್ಲಿ ಮಾಡಿದ ಪ್ರಯೋಗವೇ ಅಲ್ಲಿ ಕಾಗದದ ಮೇಲಿತ್ತು. ಅಕ್ಷರಗಳು ಅರ್ಮೇನಿಯನ್ ಲಿಪಿಯವು, ಮಾತು ತುರ್ಕಿ. ವಿದ್ವಾಂಸರು ಈ ಬರಹವನ್ನು ಅರ್ಮೆನೊ-ತುರ್ಕಿ ಎಂದು ಕರೆಯುತ್ತಾರೆ.

ಅರ್ಮೇನಿಯನ್ನರು ತುರ್ಕಿ ಭಾಷೆಯನ್ನು ತಮ್ಮ ಅಕ್ಷರದಲ್ಲಿ ಯಾಕೆ ಬರೆದರು? ಒಟ್ಟೋಮನ್ ಸಾಮ್ರಾಜ್ಯದ ನಡುಭಾಗದಲ್ಲಿ, ಅಂಕಾರಾ, ಕೈಸೇರಿ, ಅದಾನಾ ಕಡೆಯ ಬಹಳಷ್ಟು ಅರ್ಮೇನಿಯನ್ ಮನೆಗಳಲ್ಲಿ ಆಡುಮಾತು ತುರ್ಕಿಯೇ ಆಗಿತ್ತು. ಜೋಗುಳ, ಜಗಳ, ಲೆಕ್ಕ, ಲೇವಾದೇವಿ ಎಲ್ಲವೂ ತುರ್ಕಿಯಲ್ಲೇ. ಆದರೆ ಮಕ್ಕಳು ಅಕ್ಷರ ಕಲಿಯುತ್ತಿದ್ದುದು ಚರ್ಚಿನ ಪಾಠಶಾಲೆಯಲ್ಲಿ, ಅಲ್ಲಿ ತಿದ್ದಿಸುತ್ತಿದ್ದುದು ಅರ್ಮೇನಿಯನ್ ಲಿಪಿಯನ್ನು. ಮುಸ್ಲಿಂ ಹುಡುಗರಿಗೆ ಕುರಾನಿನ ಅರಬಿ ಅಕ್ಷರ ಹೇಗೋ ಇವರಿಗೆ ಬೈಬಲ್ಲಿನ ಅರ್ಮೇನಿಯನ್ ಅಕ್ಷರ ಹಾಗೆ. ತುರ್ಕಿ ಮಾತಿನ ಗ್ರೀಕ್ ಕ್ರೈಸ್ತರೂ ಇದ್ದರು. ಅವರು ಅದೇ ತುರ್ಕಿಯನ್ನು ಗ್ರೀಕ್ ಲಿಪಿಯಲ್ಲಿ ಬರೆದುಕೊಂಡರು. ಒಂದೇ ಬೀದಿಯ ಮೂರು ಅಂಗಡಿಯವರು ಒಂದೇ ಭಾಷೆಯಲ್ಲಿ ಚೌಕಾಸಿ ಮಾಡಿ, ಸಂಜೆ ಮೂರು ಲಿಪಿಗಳಲ್ಲಿ ಲೆಕ್ಕ ಬರೆಯಬಹುದಿತ್ತು. ಮಾತು ಬೀದಿಯಿಂದ ಬಂದರೆ ಲಿಪಿ ದೇವರ ಮನೆಯಿಂದ ಬರುತ್ತಿದ್ದ ಕಾಲ ಅದು.

ಹಾಗಾಗಿ ಯಾರೂ ಕುಳಿತು ಪರೀಕ್ಷಿಸಿ, ತುರ್ಕಿಗೆ ಯಾವ ಲಿಪಿ ಒಗ್ಗುತ್ತದೆಂದು ಆರಿಸಿದ್ದಲ್ಲ. ಆದರೂ ಆ ಲಿಪಿ ತುರ್ಕಿಗೆ ಚೆನ್ನಾಗಿಯೇ ಹೊಂದಿಕೊಂಡಿತು. ನನ್ನನ್ನು ಕೇಳಿದರೆ, ಅರಮನೆ ಬಳಸುತ್ತಿದ್ದ ಅಧಿಕೃತ ಅರಬಿ ಲಿಪಿಗಿಂತಲೂ ಚೆನ್ನಾಗಿ ಹೊಂದಿಕೊಂಡಿತು.

ತುರ್ಕಿಯಲ್ಲಿ ಎಂಟು ಸ್ವರಗಳಿವೆ. ಅ, ಎ, ಇ, ಒ, ಉ ನಮಗೂ ಗೊತ್ತಿರುವಂಥವು. ಉಳಿದ ಮೂರರಲ್ಲಿ ಒಂದು ಚುಕ್ಕಿಯ ಒ. ಎರಡನೆಯದು ಅದರ ಜೊತೆಗಾರ ‘ಚುಕ್ಕಿಯ ಉ’: ನಾಲಿಗೆ ಇ ಅನ್ನಬೇಕು, ತುಟಿ ಉ ಅನ್ನಬೇಕು. ಮೂರನೆಯದು ಇದಕ್ಕೆ ತಿರುವುಮುರುವು: ನಾಲಿಗೆ ಉ ಜಾಗದಲ್ಲೇ ಹಿಂದೆ ನಿಂತಿರಬೇಕು, ತುಟಿ ಮಾತ್ರ ದುಂಡಗಾಗದೆ ಅಗಲವಾಗಿರಬೇಕು. ಇಂದಿನ ತುರ್ಕಿಯಲ್ಲಿ ಅದನ್ನು ಚುಕ್ಕಿ ತೆಗೆದ ಸಣ್ಣ ಐ ಅಕ್ಷರದಿಂದ ಬರೆಯುತ್ತಾರೆ. ತುಳು, ಕೊಡವ ಬಲ್ಲವರಿಗೆ ಈ ಜಾತಿಯ ಸದ್ದು ಹೊಸತಲ್ಲ. ಅದನ್ನು ಕನ್ನಡ ಲಿಪಿಯಲ್ಲಿ ಹೇಗೆ ಕೂರಿಸುವುದೆಂಬ ತಲೆನೋವೂ ಹೊಸತಲ್ಲ.

ಅರಬಿ ಲಿಪಿ ಹುಟ್ಟಿದ್ದು ವ್ಯಂಜನಗಳ ಮೇಲೆ ನಿಂತ ಭಾಷೆಗಾಗಿ. ಅಲ್ಲಿ ಮೂರು ವ್ಯಂಜನಗಳ ಎಲುಬುಗೂಡು ಸಿಕ್ಕರೆ ಸ್ವರಗಳನ್ನು ಓದುಗ ತಾನೇ ತುಂಬಿಕೊಳ್ಳುತ್ತಾನೆ. ತುರ್ಕಿಯಲ್ಲಿ ಈ ಲೆಕ್ಕ ನಡೆಯುವುದಿಲ್ಲ. ‘ವಾವ್’ ಎಂಬ ಒಂದೇ ಅಕ್ಷರ ವ, ಒ, ಉ, ಚುಕ್ಕಿಯ ಒ, ಚುಕ್ಕಿಯ ಉ ಈ ಐದಕ್ಕೂ ದುಡಿಯಬೇಕಾಯಿತು. ‘ಕೆಫ್’ ಎಂಬ ಅಕ್ಷರ ಕ ಮತ್ತು ಗ ಎರಡನ್ನೂ, ಅದರ ಮೇಲೆ ಒಂದು ಅನುನಾಸಿಕವನ್ನೂ ಹೊತ್ತುಕೊಂಡಿತು. ಕೆಫ್, ವಾವ್, ರೆ, ಕೆಫ್ ಎಂದು ಬರೆದರೆ ಅದು ತುಪ್ಪಳದ ಅಂಗಿಯೋ, ಸಲಿಕೆಯೋ, ಕಮ್ಮಾರನ ತಿದಿಯೋ? ಮೂರಕ್ಕೂ ಕಾಗುಣಿತ ಒಂದೇ. ಇನ್ನೊಂದು ಉದಾಹರಣೆ ಬಲು ಹಳೆಯದು, ಆದರೂ ಇದಕ್ಕಿಂತ ಒಳ್ಳೆಯದು ಸಿಕ್ಕುವುದಿಲ್ಲ. ‘ಒಲ್ದು’ ಎಂದರೆ ಆದನು. ಅದೇ ಪದದ ಎರಡು ಸ್ವರಗಳಿಗೂ ಚುಕ್ಕಿ ಬಿದ್ದರೆ ಸತ್ತನು. ಅರಬಿ ಅಕ್ಷರದಲ್ಲಿ ಎರಡೂ ಒಂದೇ ರೂಪ. ಮೆಹ್ಮೆತ್ ಪಾಶಾ ಆದನೆಂದು ಹಿಗ್ಗಬೇಕೋ, ಮೆಹ್ಮೆತ್ ಪಾಶಾ ತೀರಿಕೊಂಡನೆಂದು ಅಳಬೇಕೋ ಎಂಬುದು ಮುಂದಿನ ಸಾಲು ಓದಿದ ಮೇಲಷ್ಟೇ ಇತ್ಯರ್ಥವಾಗಬೇಕು.

ಅರ್ಮೇನಿಯನ್ ಅಕ್ಷರದಲ್ಲಿ ಈ ಗೊಂದಲವೇ ಇಲ್ಲ. ಆದದ್ದಾದರೆ ಒ, ಲ, ದ, ಕೊನೆಗೆ ಉ. ಸತ್ತದ್ದಾದರೆ ಎ-ಒ ಜೋಡಿ, ಲ, ದ, ಕೊನೆಗೆ ಚುಕ್ಕಿಯ ಉ ತೋರಿಸುವ ಜೋಡಿ. ಪಾಶಾನ ಗತಿ ಮೊದಲ ಅಕ್ಷರದಲ್ಲೇ ತೀರ್ಮಾನ!

ಅರಬಿ ಲಿಪಿಯನ್ನು ಇಲ್ಲಿ ಹಳಿಯುವುದು ಸುಲಭ, ಆದರೆ ಅದು ಅಷ್ಟು ನ್ಯಾಯವಲ್ಲ. ಶತಮಾನಗಳ ಕಾಲ ಅದರಲ್ಲೇ ಕಾವ್ಯ, ಕಾನೂನು, ಖಗೋಳ ಎಲ್ಲವೂ ನಡೆದವು. ಪಳಗಿದ ಕಣ್ಣು ಸಂದರ್ಭ ನೋಡಿ ಸರಿಯಾಗಿಯೇ ಓದುತ್ತಿತ್ತು. ಅರಬಿ, ಪಾರ್ಸಿ ಪದಗಳ ಮೂಲ ಕಾಗುಣಿತವನ್ನೂ ಅದು ಕಾಪಾಡಿತು. ಜ಼ ಸದ್ದಿಗೆ ಅಲ್ಲಿ ನಾಲ್ಕು ಅಕ್ಷರಗಳಿದ್ದವು, ಸ ಸದ್ದಿಗೆ ಮೂರು. ಯಾವ ಪದ ಯಾವ ಧಾತುವಿನಿಂದ ಬಂತೆಂದು ಪಂಡಿತನಿಗೆ ತಕ್ಷಣ ತಿಳಿಯುತ್ತಿತ್ತು. ಅರ್ಮೇನಿಯನ್ ಅಕ್ಷರದಲ್ಲಿ ಬರೆದವರು ಆ ಎಲ್ಲ ಜ಼ಗಳನ್ನೂ ಒಂದೇ ಅಕ್ಷರಕ್ಕೆ ಇಳಿಸಿಬಿಟ್ಟರು. ಪಂಡಿತರ ಕಣ್ಣನ್ನು ಬಿಟ್ಟು ಸಂತೆಯ ಕಿವಿಯನ್ನು ನಂಬಿದರು ಅನ್ನಬಹುದು.

ಆ ಅಕ್ಷರಗಳನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಅರ್ಮೇನಿಯನ್ ಲಿಪಿಯನ್ನು ಕ್ರಿ.ಶ. 405ರ ಸುಮಾರಿಗೆ ಮೆಸ್ರೋಪ್ ಮಶ್ತೋತ್ಸ್ ಎಂಬ ಪಾದ್ರಿ ರೂಪಿಸಿದ. ಅವನ ಶಿಷ್ಯ ಕೊರ್ಯುನ್ ಬರೆದಿಟ್ಟ ಜೀವನಚರಿತ್ರೆಯ ಪ್ರಕಾರ, ಅಕ್ಷರಗಳ ಆಕಾರವನ್ನು ತಿದ್ದಿ ತೀಡಲು ರುಫಿನಸ್ ಎಂಬ ಗ್ರೀಕ್ ಲಿಪಿಕಾರ ನೆರವಾದ. ಮೊದಲು 36 ಅಕ್ಷರಗಳಿದ್ದವು. ಮಧ್ಯಯುಗದಲ್ಲಿ ಎರಡು ಬಂದು ಕೂಡಿಕೊಂಡವು: ಒಂದು ಗುಂಡನೆಯ ಒ, ಇನ್ನೊಂದು ಫ಼. ತಡವಾಗಿ ಬಂದ ಈ ಇಬ್ಬರು ನೆಂಟರಿಗೆ ತುರ್ಕಿ ಬರಹದಲ್ಲಿ ಬಿಡುವಿಲ್ಲದ ದುಡಿಮೆ ಸಿಕ್ಕಿತು. ‘ಎಫ಼ೆಂದಿ’ಯಂಥ ಪದಗಳಿಗೆ ಫ಼ ಬೇಕೇ ಬೇಕು.

ಗುಂಡನೆಯ ಒ ಕತೆ ಇನ್ನೂ ಸ್ವಾರಸ್ಯದ್ದು, ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ನಾವು ಎಲೆ ಎಂದು ಬರೆದು ‘ಯೆಲೆ’ ಅನ್ನುತ್ತೇವೆ, ಒಂದು ಎಂದು ಬರೆದು ‘ವೊಂದು’ ಅನ್ನುತ್ತೇವೆ. ಅರ್ಮೇನಿಯನ್ನರದ್ದೂ ಇದೇ ಚಾಳಿ. ಅವರ ಹಳೆಯ ಒ ಅಕ್ಷರ ಪದದ ಮೊದಲಿಗೆ ಬಂದರೆ ‘ವೊ’ ಆಗುತ್ತದೆ, ಒಂದು ಎ ಅಕ್ಷರ ‘ಯೆ’ ಆಗುತ್ತದೆ. ನಮ್ಮಲ್ಲಿ ಇದಕ್ಕೆ ಬೇರೆ ಅಕ್ಷರವಿಲ್ಲ, ಅವರಲ್ಲಿ ಇತ್ತು. ಶುದ್ಧ ಎ ಬೇಕಾದರೆ ಇನ್ನೊಂದು ಎ, ಶುದ್ಧ ಒ ಬೇಕಾದರೆ ಗುಂಡನೆಯ ಒ. ತುರ್ಕಿಯಲ್ಲಿ ಎ ಮತ್ತು ಯೆ ನಡುವೆ ಅರ್ಥವೇ ಬದಲಾಗುವುದರಿಂದ ಈ ಹೆಚ್ಚುವರಿ ಜೋಡಿ ವರವಾಯಿತು.

ಅಚ್ಚಿನ ಪುಟದಲ್ಲಿ ಈ ಲಿಪಿ ಮೊದಲ ನೋಟಕ್ಕೆ ಬೇಲಿಯ ಗೂಟಗಳ ಸಾಲು. ನೆಟ್ಟಗಿನ ಒಂದೆರಡು ಗೀಟು, ಮೇಲೋ ಕೆಳಗೋ ಒಂದು ಬಾಗು, ಅಲ್ಲೊಂದು ಬಾಲ, ಇಲ್ಲೊಂದು ಅಡ್ಡಗೆರೆ, ಇಷ್ಟರಲ್ಲೇ ಬಹುಪಾಲು ಸಣ್ಣಕ್ಷರಗಳು ಮುಗಿಯುತ್ತವೆ. ಇಂಗ್ಲಿಷ್ ಬಲ್ಲ ಕಣ್ಣಿಗಂತೂ ಹೆಜ್ಜೆಹೆಜ್ಜೆಗೂ ಮೋಸ. ಇಂಗ್ಲಿಷಿನ ಸಣ್ಣ ಎನ್‌ನಂತೆ ಕಾಣುವುದು ಹಳೆಯ ಒ. ಸಣ್ಣ ಯು ಥರದ್ದು ಸ. ಕ್ಯೂ ಥರದ್ದು ಜ಼. ಎಚ್ ಮಾತ್ರ ಪುಣ್ಯಕ್ಕೆ ಹ. ಉ ಸ್ವರಕ್ಕೆ ಒಂಟಿ ಅಕ್ಷರವಿಲ್ಲ. ಹಳೆಯ ಒ ಪಕ್ಕಕ್ಕೆ ‘ಹ್ಯೂನ್’ ಎಂಬ ಪುಟ್ಟ ಗೀಟನ್ನಿಟ್ಟು ಎರಡನ್ನೂ ಸೇರಿಸಿ ಉ ಎಂದು ಓದಬೇಕು. ಅದೇ ಹ್ಯೂನ್ ಇ ಪಕ್ಕದಲ್ಲಿ ಕೂತರೆ ಚುಕ್ಕಿಯ ಉ. ಈ ಎರಡನೆಯ ಜೋಡಿ ತುರ್ಕಿಗಾಗಿ ಹೊಸದಾಗಿ ಹುಟ್ಟಿದ್ದಲ್ಲ, ಹಳೆಯ ಅರ್ಮೇನಿಯನ್ ಕಾಗುಣಿತದಲ್ಲೇ ಇತ್ತು. ಪಶ್ಚಿಮದ ಅರ್ಮೇನಿಯನ್ನರ ಬಾಯಲ್ಲಿ ಅದರ ಉಚ್ಚಾರ ಆ ಹೊತ್ತಿಗೆ ಚುಕ್ಕಿಯ ಉ ಹತ್ತಿರಕ್ಕೆ ಸರಿದಿತ್ತು. ಇದ್ದದ್ದನ್ನೇ ತಂದು ತುರ್ಕಿಗೆ ಹಚ್ಚಿದರು.

ಚುಕ್ಕಿ ಇಲ್ಲದ ಇ ಸ್ವರಕ್ಕೆ ಸಿಕ್ಕಿದ್ದು ‘ಅತ್’ ಎಂಬ ಅಕ್ಷರ. ಅರ್ಮೇನಿಯನ್ ಭಾಷೆಯಲ್ಲಿ ಅದು ಒಂದು ನಿರ್ಬಲ ಸ್ವರ. ಪದದ ಮಧ್ಯೆ ಸಾಮಾನ್ಯವಾಗಿ ಅದನ್ನು ಬರೆಯುವುದೇ ಇಲ್ಲ, ವ್ಯಂಜನಗಳ ನಡುವೆ ಓದುಗನೇ ಸೇರಿಸಿಕೊಳ್ಳಬೇಕು. ಮ್ಖಿತಾರ್ ಎಂಬ ಹೆಸರಿನ ಮೊದಲೆರಡು ವ್ಯಂಜನಗಳ ಸಂದಿಯಲ್ಲಿ ಅಡಗಿರುವುದು ಅದೇ. ತುರ್ಕಿಯಲ್ಲಿ ಅದು ಗಟ್ಟಿ ಸ್ವರ, ಬಿಟ್ಟರೆ ಪದವೇ ಬಿದ್ದುಹೋಗುತ್ತದೆ. ಹುಡುಗಿ, ನಲವತ್ತು, ಚಿನ್ನ ಎಂಬ ತುರ್ಕಿ ಪದಗಳಲ್ಲೆಲ್ಲ ಅದಿದೆ. ಆದ್ದರಿಂದ ಅರ್ಮೆನೊ-ತುರ್ಕಿ ಪುಟದಲ್ಲಿ ಪದಗಳ ಹೊಟ್ಟೆಯೊಳಗೆಲ್ಲ ಅತ್ ತುಂಬಿಕೊಂಡಿರುತ್ತದೆ, ಎ-ಒ ಜೋಡಿ ಮತ್ತೆ ಮತ್ತೆ ಎದುರಾಗುತ್ತದೆ. ಒಂದಕ್ಷರ ಓದಲು ಬಾರದವರೂ ಎರಡು ಪುಟ ಪಕ್ಕಪಕ್ಕ ಇಟ್ಟುಕೊಂಡರೆ ಯಾವುದು ಅರ್ಮೇನಿಯನ್, ಯಾವುದು ತುರ್ಕಿ ಎಂದು ಊಹಿಸಬಹುದು. ಚಿಹ್ನೆಗಳು ಮಾತ್ರ ಎರಡರಲ್ಲೂ ಒಂದೇ. ವಾಕ್ಯದ ಕೊನೆಗೆ ನಮ್ಮ ವಿಸರ್ಗದಂಥ ಎರಡು ಚುಕ್ಕಿ; ಪ್ರಶ್ನೆಯ ಗುರುತು ಕೊನೆಯಲ್ಲಿ ಬಾರದೆ, ಯಾವ ಪದದ ಮೇಲೆ ಪ್ರಶ್ನೆಯೋ ಅದರ ಸ್ವರದ ತಲೆಯ ಮೇಲೆ ಪುಟ್ಟ ಸುರುಳಿಯಾಗಿ ಕೂರುತ್ತದೆ.

ವ್ಯಂಜನಗಳಲ್ಲಿ ಒಂದು ಗುಂಡಿಯಿದೆ, ಹೊಸಬರು ಅದರಲ್ಲಿ ಬಿದ್ದೇ ಏಳಬೇಕು. ಪಶ್ಚಿಮದ ಅರ್ಮೇನಿಯನ್ನರಲ್ಲಿ, ಅಂದರೆ ಒಟ್ಟೋಮನ್ ನಾಡಿನವರಲ್ಲಿ, ಹಳೆಯ ಪ ಅಕ್ಷರದ ಉಚ್ಚಾರ ಬ ಆಗಿತ್ತು, ಬ ಅಕ್ಷರ ಪ ಆಗಿತ್ತು. ತ-ದ, ಕ-ಗ ಜೋಡಿಗಳೂ ಹೀಗೆಯೇ ಅದಲುಬದಲು. ಯೆರೆವಾನ್ ಕಡೆಯ ಪೂರ್ವದವರು ಹಳೆಯ ಲೆಕ್ಕವನ್ನೇ ಉಳಿಸಿಕೊಂಡಿದ್ದಾರೆ. ಅರ್ಮೆನೊ-ತುರ್ಕಿ ಪುಸ್ತಕಗಳು ನಡೆದದ್ದು ಪಶ್ಚಿಮದ ಲೆಕ್ಕದಲ್ಲಿ. ಯೆರೆವಾನಿನ ಶಾಲೆಯಲ್ಲಿ ಓದಿದವರು ಇವನ್ನು ಕೈಗೆತ್ತಿಕೊಂಡರೆ ಅಪ್ಪ ಎಂಬರ್ಥದ ‘ಬಾಬಾ’ ಪಾಪಾ ಆಗುತ್ತಾನೆ, ಅಜ್ಜ ಎಂಬರ್ಥದ ‘ದೆದೆ’ ತೆತೆ ಆಗುತ್ತಾನೆ. ಬಾ ಎಂದು ಕರೆಯುವ ‘ಗೆಲ್’ ಅವರ ಓದಿನಲ್ಲಿ ‘ಕೆಲ್’ ಆಗುತ್ತದೆ, ಹಾಗೆಂದರೆ ತುರ್ಕಿಯಲ್ಲಿ ಬೋಳುತಲೆಯವ. ಪ್ರೀತಿಯಿಂದ ಕರೆದದ್ದು ಬೈಗುಳವಾಗಲು ಒಂದು ಅಕ್ಷರ ಸಾಕು.

ತುರ್ಕಿ ಜಾತಿಯ ಭಾಷೆಯನ್ನು ಅರ್ಮೇನಿಯನ್ ಅಕ್ಷರದಲ್ಲಿ ಅಚ್ಚು ಹಾಕಿದ್ದು ಮೊದಲು ಇಸ್ತಾಂಬುಲ್‌ನಲ್ಲಲ್ಲ. ಈಗಿನ ಉಕ್ರೇನಿನ ಲ್ವಿವ್ ನಗರದಲ್ಲಿ 1618ರಲ್ಲಿ ಒಂದು ಪ್ರಾರ್ಥನಾ ಪುಸ್ತಕ ಬಂತು. ಅಲ್ಲಿನ ಅರ್ಮೇನಿಯನ್ನರ ಆಡುಮಾತು ತುರ್ಕಿಯ ದಾಯಾದಿ ಭಾಷೆಯಾದ ಕಿಪ್ಚಾಕ್. ತುರ್ಕಿಯದೇ ಅಚ್ಚಿನ ಪುಸ್ತಕಕ್ಕೆ 1727ರವರೆಗೆ ಕಾಯಬೇಕಾಯಿತು. ಅದೂ ವೆನಿಸ್‌ನಲ್ಲಿ. ಸಿವಾಸ್‌ನಲ್ಲಿ ಹುಟ್ಟಿ, ವೆನಿಸ್ ಬಳಿಯ ಸಾನ್ ಲಜ಼್ಜ಼ಾರೊ ದ್ವೀಪದಲ್ಲಿ ಮಠ ಕಟ್ಟಿದ ಮ್ಖಿತಾರ್ ಎಂಬ ಸನ್ಯಾಸಿ ತುರ್ಕಿ ಮಾತಾಡುವ ತನ್ನ ಜನರಿಗೆ ಅರ್ಮೇನಿಯನ್ ಆಡುನುಡಿ ಕಲಿಸಲೆಂದು ಒಂದು ವ್ಯಾಕರಣ ಬರೆದ. ವಿವರಣೆ ಅವರಿಗೆ ತಿಳಿಯಬೇಕಲ್ಲ, ಅದಕ್ಕೆ ತುರ್ಕಿಯಲ್ಲೇ ಬರೆದ. ಜನರನ್ನು ತುರ್ಕಿಯಿಂದ ಬಿಡಿಸಿ ತರಲೆಂದು ಬಂದ ಪುಸ್ತಕವೇ ಹೀಗೆ ಅರ್ಮೆನೊ-ತುರ್ಕಿ ಮುದ್ರಣಕ್ಕೆ ಬುನಾದಿಯಾಯಿತು. ಮುಂದೆ 1960ರ ದಶಕದವರೆಗೆ ಬಂದ ಪುಸ್ತಕಗಳ ಸಂಖ್ಯೆ 2000ದ ಆಸುಪಾಸು. ಬೈಬಲ್, ಪಂಚಾಂಗ, ಅಡುಗೆ ಪುಸ್ತಕ, ವೈದ್ಯ, ಕಾನೂನು, ಫ್ರೆಂಚ್ ಕಾದಂಬರಿಗಳ ಅನುವಾದ, ಪತ್ರಿಕೆ ಎಲ್ಲವೂ ಬಂದವು. ವಿಲಿಯಂ ಗುಡೆಲ್ ಎಂಬ ಅಮೆರಿಕನ್ ಮಿಶನರಿ ಈ ಲಿಪಿಯ ತುರ್ಕಿಯಲ್ಲಿ ಹೊಸ ಒಡಂಬಡಿಕೆಯನ್ನು 1831ರಲ್ಲಿ ಮಾಲ್ಟಾ ದ್ವೀಪದಲ್ಲಿ ಅಚ್ಚು ಮಾಡಿಸಿದ.

ಅಚ್ಚುಕೂಟದ ಅನುಕೂಲವೂ ಈ ಲಿಪಿಯ ಪರವಾಗಿಯೇ ಇತ್ತು. 38 ಅಕ್ಷರ, ದೊಡ್ಡದು-ಚಿಕ್ಕದು ಸೇರಿ 76, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ. ಅರಬಿ ಅಕ್ಷರ ಪದದ ಮೊದಲು, ನಡು, ಕೊನೆ ಎಂದು ವೇಷ ಬದಲಿಸುವುದರಿಂದ ಒಟ್ಟೋಮನ್ ಮೊಳೆ ಜೋಡಿಸುವವನ ಎದುರಿಗೆ ನೂರಾರು ಖಾನೆಗಳಿರುತ್ತಿದ್ದವು. ಆ ಕಷ್ಟದ ಅರಬಿ ಮೊಳೆಗಳನ್ನು 19ನೆಯ ಶತಮಾನದಲ್ಲಿ ಚೆಲುವಾಗಿ ಕೊರೆದು ಹೆಸರಾದವನು ಒಬ್ಬ ಅರ್ಮೇನಿಯನ್, ಓಹಾನೆಸ್ ಮುಹೆಂದಿಸ್ಯಾನ್. ತಮ್ಮ ಸುಲಭದ ಲಿಪಿ ಕೈಯಲ್ಲಿಟ್ಟುಕೊಂಡವರೇ ಪಕ್ಕದವರ ಕಷ್ಟದ ಲಿಪಿಗೂ ಅಕ್ಕಸಾಲಿಗರಾದರು.

1851ರಲ್ಲಿ ಇಸ್ತಾಂಬುಲ್‌ನಲ್ಲಿ ‘ಅಕಾಬಿ ಹಿಕಾಯೆಸಿ’ ಎಂಬ ಕಾದಂಬರಿ ಹೊರಬಂತು. ಬರೆದವನು ಹೊವ್ಸೆಪ್ ವರ್ತಾನ್ಯಾನ್, ವರ್ತಾನ್ ಪಾಶಾ ಎಂದೇ ಪರಿಚಿತ. ಹುಡುಗಿ ಅಕಾಬಿ ಅರ್ಮೇನಿಯನ್ ಮೂಲ ಚರ್ಚಿನವಳು, ಹುಡುಗ ಹಾಗೊಪ್ ಕ್ಯಾಥೊಲಿಕ್. ಒಂದೇ ಜನಾಂಗದ ಎರಡು ಪಂಗಡಗಳ ಹಟದ ನಡುವೆ ಪ್ರೀತಿ ನುಚ್ಚುನೂರಾಗುವ ಕತೆ. ಭಾಷೆ ತಿಳಿಯಾದ ತುರ್ಕಿ. ತುರ್ಕಿ ಸಾಹಿತ್ಯದ ಚರಿತ್ರೆಗಳು ಮೊದಲ ಕಾದಂಬರಿ ಎಂದು ಬಹುಕಾಲ ಹೆಸರಿಸುತ್ತಿದ್ದುದು ಶೆಂಸೆತ್ತಿನ್ ಸಾಮಿ 1872ರಲ್ಲಿ ಪ್ರಕಟಿಸತೊಡಗಿದ ಕೃತಿಯನ್ನು. ಅದಕ್ಕಿಂತ 21 ವರ್ಷ ಮೊದಲಿನ ಅಕಾಬಿ ಲೆಕ್ಕಕ್ಕೇ ಬರಲಿಲ್ಲ. ಬಚ್ಚಿಟ್ಟದ್ದಲ್ಲ, ನಿಷೇಧವೂ ಅಲ್ಲ. ತುರ್ಕಿ ಓದುವವರಿಗೆ ಅಕ್ಷರ ಗೊತ್ತಿರಲಿಲ್ಲ, ಅಷ್ಟೇ. ಆಂದ್ರೆಯಾಸ್ ಟೀಟ್ಸೆ ಎಂಬ ವಿದ್ವಾಂಸ 1991ರಲ್ಲಿ ಅದನ್ನು ರೋಮನ್ ಅಕ್ಷರಕ್ಕೆ ಇಳಿಸಿದ ಮೇಲೆ ಚರ್ಚೆ ಶುರುವಾಯಿತು. ನನಗೆ ಇಲ್ಲಿ ‘ಮೊದಲನೆಯದು ಯಾವುದು’ ಎಂಬ ಪಂದ್ಯದಲ್ಲಿ ಅಷ್ಟು ಆಸಕ್ತಿಯಿಲ್ಲ. 140 ವರ್ಷ ಒಂದು ಭಾಷೆಯ ಕಾದಂಬರಿ ಅದೇ ಭಾಷೆಯವರ ಕಣ್ಣೆದುರಿಗೇ ಕಾಣದೆ ಇದ್ದದ್ದು ಹೆಚ್ಚು ಯೋಚಿಸಬೇಕಾದ ವಿಷಯ.

ಭಾಷಾವಿಜ್ಞಾನಿಗಳಿಗೆ ಈ ಬರಹ ಇನ್ನೊಂದು ಕಾರಣಕ್ಕೆ ಬೇಕು. ತುರ್ಕಿಯಲ್ಲಿ ಪ್ರತ್ಯಯದ ಸ್ವರ ಹಿಂದಿನ ಸ್ವರದ ತಾಳಕ್ಕೆ ಕುಣಿಯುತ್ತದೆ. ‘ಒಲ್’ ಧಾತುವಿನಲ್ಲಿ ತುಟಿ ದುಂಡಗಿದ್ದರೆ ‘ದು’ ಪ್ರತ್ಯಯದಲ್ಲೂ ದುಂಡಗೆ. ಹಿಂದೆ ಹೀಗಿರಲಿಲ್ಲ, ಆ ಪ್ರತ್ಯಯದಲ್ಲಿ ತುಟಿ ಅಗಲವಾಗಿಯೇ ಉಳಿಯುತ್ತಿತ್ತು. ಅರಬಿ ಅಕ್ಷರದ ಕಾಗುಣಿತ ಆ ಹಳೆಯ ಕಾಲದಲ್ಲೇ ಹೆಪ್ಪುಗಟ್ಟಿ, ಮಾತು ಬದಲಾದರೂ ಕೊನೆಗೆ ‘ಯೆ’ ಅಕ್ಷರವನ್ನೇ ಇಡುತ್ತಾ ಬಂತು. ಬದಲಾವಣೆ ಯಾವಾಗ ಆಯಿತೆಂದು ಕೇಳಲು ಸ್ವರ ಬರೆಯುವ ಲಿಪಿಗಳ ಹತ್ತಿರವೇ ಹೋಗಬೇಕು. 17ನೆಯ ಶತಮಾನದ ಇಸ್ತಾಂಬುಲ್‌ನ ಎರೆಮ್ಯಾ ಚೆಲೆಬಿ ಕೊಮುರ್ಜ್ಯಾನ್ ಅರ್ಮೇನಿಯನ್ ಅಕ್ಷರದ ತುರ್ಕಿಯಲ್ಲಿ ಒಂದು ಕಥನಕಾವ್ಯ ಬರೆದಿಟ್ಟಿದ್ದಾನೆ. ಯಹೂದಿ ಹುಡುಗಿಯೊಬ್ಬಳ ಪ್ರೇಮದ ಕತೆ ಅದು. ಇಂಥವನ್ನು ಗ್ರೀಕ್, ಲ್ಯಾಟಿನ್ ಅಕ್ಷರಗಳ ತುರ್ಕಿಯ ಜೊತೆಗಿಟ್ಟು ನೋಡಿದಾಗ ಧ್ವನಿಮುದ್ರಣ ಯಂತ್ರ ಇಲ್ಲದ ಕಾಲದ ಉಚ್ಚಾರ ಒಂದಿಷ್ಟು ಕೇಳಿಸುತ್ತದೆ. ಎಚ್ಚರವೂ ಬೇಕು: ಬರೆಯುವವರಿಗೆ ರೂಢಿಯ ಗುಲಾಮಗಿರಿ ಎಲ್ಲ ಲಿಪಿಯಲ್ಲೂ ಇರುತ್ತದೆ.

ಒಟ್ಟೋಮನ್ ಸಾಮ್ರಾಜ್ಯದಲ್ಲಿ ಅರ್ಮೇನಿಯನ್ನರ ಮೇಲೆ ನಡೆದ 1915ರ ನರಮೇಧ ಈ ಓದುಗರನ್ನೇ ಅಳಿಸಿಹಾಕಿತು. ಬದುಕಿ ಉಳಿದವರು ಅಲೆಪ್ಪೊ, ಬೇರೂತ್, ಪ್ಯಾರಿಸ್, ಬ್ಯೂನಸ್ ಐರಿಸ್ ಸೇರಿದರು, ಲಿಪಿಯೂ ಅವರ ಗಂಟಿನಲ್ಲಿ ಹೋಯಿತು. ಬುರ್ಸಾದಿಂದ ಹದಿನಾಲ್ಕರ ವಯಸ್ಸಿನಲ್ಲಿ ಮನೆಯವರೊಂದಿಗೆ ಗಡೀಪಾರಾಗಿದ್ದ ವಹ್ರಾಮ್ ಆಲ್ತೂನ್ಯಾನ್ ಪ್ಯಾರಿಸ್ ಸೇರಿದ ಮೇಲೆ ಕಂಡದ್ದನ್ನು ಉಂಡದ್ದನ್ನು ಒಂದು ನೋಟುಪುಸ್ತಕದಲ್ಲಿ ಬರೆದಿಟ್ಟರು. ಅರ್ಮೇನಿಯನ್ ಅಕ್ಷರ, ತುರ್ಕಿ ಮಾತು. ಫ್ರಾನ್ಸಿನಲ್ಲಿ ಹುಟ್ಟಿ ಬೆಳೆದ ಮಗಳು ಜಾನೀನ್ ಅದನ್ನು ಓದಲಾರದವರಾಗಿದ್ದರು. ಕ್ರಿಕೊರ್ ಬೆಲೆದ್ಯಾನ್ ಫ್ರೆಂಚಿಗೆ ತಂದ ಮೇಲೆ 1982ರಲ್ಲಿ ಅದು ಪ್ಯಾರಿಸ್ಸಿನ ಒಂದು ಪತ್ರಿಕೆಯಲ್ಲಿ ಅಚ್ಚಾಯಿತು. ತಂದೆಯ ಮಾತು ಮಗಳಿಗೆ ತಲುಪಲು ಒಬ್ಬ ಮೂರನೆಯವರು ಬೇಕಾಯಿತು.

ತುರ್ಕಿ ದೇಶ 1928ರ ನವೆಂಬರಿನಲ್ಲಿ ಅರಬಿ ಅಕ್ಷರ ಬಿಟ್ಟು ರೋಮನ್ ಅಕ್ಷರಕ್ಕೆ ಬಂತು. ಎಂಟು ಸ್ವರಕ್ಕೆ ಎಂಟು ಗುರುತು ಸರ್ಕಾರದ ಆಜ್ಞೆಯಿಂದಲೇ ಸಿಕ್ಕವು. ಈಗ ಹಳೆಯ ಅರ್ಮೆನೊ-ತುರ್ಕಿ ಪುಟಗಳನ್ನು ಕಂಪ್ಯೂಟರಿಗೆ ಓದಿಸುವ ಕೆಲಸವಿದೆ. ಯುನಿಕೋಡ್‌ನಲ್ಲಿ ಅರ್ಮೇನಿಯನ್ ಅಕ್ಷರಗಳು ಮೊದಲ ಆವೃತ್ತಿಯಿಂದಲೇ ಇವೆ, ಆದ್ದರಿಂದ ಅಕ್ಷರ ಗುರುತಿಸುವುದು ಅಷ್ಟು ಕಷ್ಟವಲ್ಲ. ತೊಡಕು ಆಮೇಲಿನದು. ಅರ್ಮೇನಿಯನ್ ಅಕ್ಷರ ಕಂಡ ಕೂಡಲೇ ತಂತ್ರಾಂಶ ಅರ್ಮೇನಿಯನ್ ನಿಘಂಟನ್ನು ತೆಗೆದು, ಅದರಲ್ಲಿಲ್ಲದ ಪದಗಳನ್ನೆಲ್ಲ ‘ತಿದ್ದಲು’ ಹೊರಡುತ್ತದೆ. ಅದಕ್ಕೆ ಮೊದಲೇ ಹೇಳಿಡಬೇಕು: ಭಾಷೆ ತುರ್ಕಿ, ಲಿಪಿ ಅರ್ಮೇನಿಯನ್, ಪ ಕಂಡಲ್ಲಿ ಬ ಎಂದು ಓದು, ಕ ಕಂಡಲ್ಲಿ ಗ. ಭಾಷೆ ಮತ್ತು ಲಿಪಿಯನ್ನು ಹೀಗೆ ಬೇರೆಬೇರೆಯಾಗಿ ನಮೂದಿಸುವ ಸಂಕೇತಪದ್ಧತಿ ಅಂತರ್ಜಾಲದ ಮಾನಕಗಳಲ್ಲಿ ಸಿದ್ಧವಾಗಿಯೇ ಇದೆ: ತುರ್ಕಿಗೆ ಎರಡಕ್ಷರದ ಗುರುತು, ಒಂದು ಅಡ್ಡಗೀಟು, ಅರ್ಮೇನಿಯನ್ ಲಿಪಿಗೆ ನಾಲ್ಕಕ್ಷರದ ಗುರುತು. ಗ್ರಂಥಾಲಯಗಳು ತಮ್ಮ ಅರ್ಮೇನಿಯನ್ ಕಪಾಟುಗಳ ಪಟ್ಟಿಯಲ್ಲಿ ಅದನ್ನು ತುಂಬುತ್ತಾ ಹೋದಂತೆ, ತುರ್ಕಿಯ ಓದುಗರಿಗೆ ಇನ್ನಷ್ಟು ಅಕಾಬಿಗಳು ಸಿಕ್ಕಬಹುದು.